ಇರುವೆಗೆ ಹಾಕಿದ ಹಿಟ್ಟು

ಮುಷ್ಟಿಯೊಳಗಿನ ಹಿಟ್ಟು ಬೆವರಿಗೆ ಅಂಟಾಗತೊಡಗಿದರೂ ಜಗದೇವಿ ಅದನ್ನು ಚೆಲ್ಲಲಿಲ್ಲ. ಶನಿವಾರ ಮುಂಜಾನೆ, ಬಿಸಿಲು ಇನ್ನೂ ಹಿತ್ತಲ ಗೋಡೆ ದಾಟಿ ಬಂದಿರಲಿಲ್ಲ. ಜೋಳದ ಹಿಟ್ಟಿಗೆ ಸಕ್ಕರೆ ಕಲಸಿಕೊಂಡು ಬಂದು ಗೋಡೆಯ ಬುಡಕ್ಕೆ ನಿಂತು ಎಷ್ಟು ಹೊತ್ತಾಗಿತ್ತೋ ಅವಳಿಗೇ ಗೊತ್ತಿರಲಿಲ್ಲ. ಎದುರಿಗೆ ಸಾಲಾಗಿ ಹನ್ನೊಂದು ಸಿಮೆಂಟ್ ಚೀಲ, ಚೀಲಕ್ಕೊಂದು ಅನಾನಸ್ ಗಿಡ, ಮೇಲೆ ಹಳೇ ಸೀರೆ ಕಟ್ಟಿ ಮಾಡಿದ ನೆರಳು. ಐದು ಗಿಡಗಳಲ್ಲಿ ಕಾಯಿ ನಿಂತಿದ್ದವು, ಎರಡೂವರೆ ವರ್ಷದ ಮೇಲೆ. ಆ ಐದೂ ಕಾಯಿಗಳ ಕಣ್ಣು ಕಣ್ಣಿನ ನಡುವೆ, ಎಲೆಯ ಸಂದಿಯಲ್ಲಿ, ಬುಡದಲ್ಲಿ, ಎಲ್ಲೆಲ್ಲೂ ಬೆಳ್ಳಗೆ ಅರಳೆ ಅಂಟಿಸಿದಂತೆ ಹುಳ. ಹುಳದ ಸುತ್ತ ಇರುವೆ. ಇರುವೆಗಳು ಆ ಹುಳವನ್ನು ತಿನ್ನುತ್ತಿರಲಿಲ್ಲ. ಮೀಸೆಯಿಂದ ಅದರ ಬೆನ್ನು ಸವರುತ್ತಿದ್ದವು, ಅದು ಬಿಟ್ಟ ಸಿಹಿ ಹನಿ ಹೀರುತ್ತಿದ್ದವು, ಒಂದೊಂದನ್ನು ಮೆಲ್ಲಗೆ ಬಾಯಲ್ಲಿ ಕಚ್ಚಿಕೊಂಡು ಹೊಸ ಎಲೆಗೆ ಒಯ್ದು ಇಳಿಸುತ್ತಿದ್ದವು. ಒಂಬತ್ತು ವರ್ಷ ಉಂಡೀರಿ ನನ್ನ ಕೈಯಾಗ, ಅಂದುಕೊಂಡಳು, ಒಂದು ಶನಿವಾರ ತಪ್ಪಿಸಿಲ್ಲ, ಮೈಯಾಗ ಜ್ವರ ಇದ್ದಾಗಲೂ ತಂದು ಹಾಕೀನಿ, ಹಲ್ಕಟಗೋಳೇ. ಇರುವೆಗಳಿಗೆ ಏನೂ ಕೇಳಿಸಲಿಲ್ಲ. ಅಭ್ಯಾಸಬಲದಿಂದ ಒಂದು ಸಾಲು ಅವಳ ಪಾದದ ಕಡೆಗೆ ಬಂದು, ಹಿಟ್ಟು ಬೀಳುವ ಜಾಗದಲ್ಲಿ ಸುತ್ತು ಹೊಡೆದು, ಕಾಯುತ್ತಾ ನಿಂತಿತು.

ಮೂರು ವಾರದ ಹಿಂದೆ ನಳದ ಮುಂದೆ ಅವಳು ಆಡಿದ ಮಾತು ಇಲ್ಲಿಂದಲೇ ಹೊರಟಿತ್ತು. ಆ ದಿನ ಇದೇ ಜಾಗದಲ್ಲಿ ನಿಂತು ಮೊದಲ ಸಲ ಬಿಳಿ ಹುಳ ನೋಡಿ, ಕೊಡ ತೆಗೆದುಕೊಂಡು ಸೀದಾ ನಳಕ್ಕೆ ಹೋಗಿದ್ದಳು. ಹಿತ್ತಲ ಹಿಂದಿನ ಓಣಿಯ ಲಾಲಮ್ಮ ಕೊಡ ಹಚ್ಚಿ ನಿಂತಿದ್ದಳು. ಗಿಡಕ್ಕೆ ಆಡಿನ ಹಿಕ್ಕಿಗೊಬ್ಬರ ಕೊಟ್ಟವಳು ಲಾಲಮ್ಮ, ಕಡೆಯ ಬುಟ್ಟಿ ಕೊಟ್ಟು ತಿಂಗಳೂ ಆಗಿರಲಿಲ್ಲ. "ಏನ ಲಾಲಮ್ಮ, ಗೊಬ್ಬರ ಕೊಟ್ಟೆಯೋ ನನಗ, ಹುಳಾ ಕೊಟ್ಟೆಯೋ?" ಅಲ್ಲಿಗೆ ನಿಲ್ಲಿಸಿದ್ದರೆ ಚೇಷ್ಟೆಯ ಮಾತಾಗಿ ಹೋಗುತ್ತಿತ್ತು. ಸಾಲಿನಲ್ಲಿದ್ದ ಹೆಂಗಸರು ನಕ್ಕರು. ಆ ನಗುವೇ ಅವಳನ್ನು ಮುಂದಕ್ಕೆ ನೂಕಿತೇನೋ. ಅಲ್ಲ, ಯಾರೂ ನೂಕಿರಲಿಲ್ಲ, ಮಾತು ಬಾಯಲ್ಲಿ ತಯಾರೇ ಇತ್ತು, ಎಷ್ಟು ವರ್ಷದಿಂದ ತಯಾರಿತ್ತೋ. "ನಿಮ್ಮ ಓಣಿ ಹೊಲಸು ತಂದು ನನ್ನ ಹಿತ್ತಲದಾಗ ಸುರದಿ" ಅಂದಳು. ನಿಮ್ಮ ಓಣಿ. ನಗು ನಿಂತಿತು. ಲಾಲಮ್ಮ ಅರ್ಧ ತುಂಬಿದ ಕೊಡವನ್ನು ಹಾಗೇ ಎತ್ತಿ ಸೊಂಟಕ್ಕಿಟ್ಟುಕೊಂಡು ನಡೆದುಬಿಟ್ಟಳು. ಒಂದು ಮಾತು ತಿರುಗಿ ಅಂದಿದ್ದರೆ ಜಗಳವಾಗುತ್ತಿತ್ತು, ಜಗಳವಾಗಿದ್ದರೆ ನಾಲ್ಕು ದಿನಕ್ಕೆ ಮುಗಿಯುತ್ತಿತ್ತು. ಪಕ್ಕದ ಮನೆಯ ಬಸವೇಶ್ವರಿ ಮಾತ್ರ ತನ್ನ ಸರದಿಗೆ ಕೊಡ ಹಚ್ಚುತ್ತಾ, "ನಾನೂ ಅದೇ ಅನ್ಕೊಂಡಿದ್ದೆ ಅಕ್ಕಾ, ನನ್ನ ಬದನಿ ಗಿಡ ಸುಮ್ಮ ಒಣಗಿಲ್ಲ ಬಿಡು" ಅಂದಳು. ಆವತ್ತಿನಿಂದ ಈ ಓಣಿಯ ಒಬ್ಬ ಹೆಂಗಸೂ ಲಾಲಮ್ಮನ ತಿಪ್ಪೆಗೆ ಬುಟ್ಟಿ ಹಿಡಿದು ಹೋಗಿಲ್ಲ. ರಾವೂರಿನಲ್ಲಿ ಯಾರ ಹಿತ್ತಲಲ್ಲಿ ಏನು ನೆಟ್ಟರೂ ಲಾಲಮ್ಮನನ್ನು ಒಂದು ಮಾತು ಕೇಳುತ್ತಿದ್ದರು, ಈಗ ಅವಳು ಓಣಿಯಲ್ಲಿ ಬಂದರೆ ಸೊಪ್ಪಿನ ಮಡಿಯ ಕಡೆ ಬೆನ್ನು ತಿರುಗಿಸಿ ನಿಲ್ಲುತ್ತಾರೆ, ಅವಳ ನೋಟದಲ್ಲೇ ಹುಳ ಇದ್ದ ಹಾಗೆ.

ಈ ಅನಾನಸ್ ಆದರೂ ಯಾರದ್ದು? ವಾಡಿ ಸ್ಟೇಷನ್ ಮುಂದೆ ಖುರ್ಷಿದಬೇಗಂ ಹಣ್ಣಿನ ಗಾಡಿ ಹಚ್ಚುತ್ತಾಳೆ, ಹಣ್ಣು ಹೆಚ್ಚಿ ಜುಟ್ಟು ಬಿಸಾಕುತ್ತಾಳೆ. ಆ ಜುಟ್ಟುಗಳನ್ನು ಆರಿಸಿ ಚೀಲದಲ್ಲಿ ತುಂಬಿಕೊಂಡು ಬಂದವಳು ಲಾಲಮ್ಮ. "ಸುಣ್ಣದ ಕಲ್ಲಿನ ಊರಾಗ ಅನಾನಸ್ ಬರ್ತದೇನ, ಹುಚ್ಚಿ" ಎಂದು ಜಗದೇವಿ ನಕ್ಕಿದ್ದಳು. "ನೆಲದಾಗ ಬರಂಗಿಲ್ರಿ, ಚೀಲದಾಗ ಬರ್ತದ. ಕೆಂಪು ಮಣ್ಣ ತರಸ್ರಿ, ಗೊಬ್ಬರ ನಾ ಕೊಡ್ತೀನಿ. ನೀರು ಬುಡಕ್ಕ ಬ್ಯಾಡ, ನೆತ್ತಿಗಿ ಹನಸ್ರಿ" ಅಂದಿದ್ದಳು ಲಾಲಮ್ಮ. ಎರಡು ಬೇಸಿಗೆ ಗೋಡೆಯ ಆಚೆ ಈಚೆ ನಿಂತು ಮಾತಾಡಿದ್ದರು, ಎಲೆಯ ತುದಿ ಯಾಕೆ ಕೆಂಪಾಯಿತು, ನೆರಳಿಗೆ ಯಾವ ಬಣ್ಣದ ಸೀರೆ ಒಳ್ಳೆಯದು. ಮೊದಲ ಕಾಯಿ ಮೊಗ್ಗಿನಂತೆ ಕೆಂಪಗೆ ಮೇಲೆದ್ದ ದಿನ ಲಾಲಮ್ಮ ಹಿತ್ತಲ ಬಾಗಿಲಿಂದ ಒಳಗೆ ಬಂದು, ಗಿಡದ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಕೂಸು ಹುಟ್ಟಿದವರ ಮನೆಗೆ ಬಂದಂತೆ ಸುಮ್ಮನೆ ನೋಡಿದ್ದಳು. ಆ ದಿನವೂ ಅವಳು ಹಿತ್ತಲಲ್ಲೇ ಕುಳಿತು ಹಿತ್ತಲಿನಿಂದಲೇ ಹೋದಳು. ಒಳಗೆ ಬಾ ಎಂದು ಜಗದೇವಿ ಅಂದಿರಲಿಲ್ಲ. ಬರಬೇಡ ಅಂತಲೂ ಅಂದಿರಲಿಲ್ಲವಲ್ಲ, ಎಂದು ಈಗ ಯಾರೋ ಕೇಳಿದಂತೆ ತನಗೆ ತಾನೇ ಉತ್ತರ ಕೊಟ್ಟುಕೊಂಡು, ಆ ಉತ್ತರದ ಮೇಲೂ ಸಿಟ್ಟು ಬಂದು, ಮುಷ್ಟಿಯನ್ನು ಇನ್ನೂ ಬಿಗಿ ಹಿಡಿದಳು.

ಗುರುವಾರ ಹುಳ ಹಿಡಿದ ಎಲೆಯೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಚಿತ್ತಾಪುರದ ಬಸ್ಸು ಹತ್ತಿದ್ದಳು. ತೋಟಗಾರಿಕೆಯವರ ಕಚೇರಿ ಎಲ್ಲಿ ಎಂದು ನಾಲ್ಕು ಕಡೆ ಕೇಳಿ ಒಳಗೆ ಹೋದರೆ ಮೇಜಿನ ಹಿಂದೆ ಕುಳಿತವಳು ರಾಧಿಕಾ. ಲಾಲಮ್ಮನ ಮಗಳು ಯಾವುದೋ ಆಫೀಸಿನಲ್ಲಿದ್ದಾಳೆ ಎಂದು ಗೊತ್ತಿತ್ತು. ಯಾವುದೆಂದು ಕೇಳಿರಲಿಲ್ಲ, ಕೇಳಬೇಕು ಅನ್ನಿಸಿರಲಿಲ್ಲ. ತಿರುಗಿ ಹೋಗಬೇಕು ಎಂದು ಕಾಲು ಹಿಂದಿಡುವುದರೊಳಗೆ "ಬರ್ರಿ ಆಯಿ, ಕುಂದ್ರಿ" ಎಂದು ಹುಡುಗಿ ಕುರ್ಚಿ ಎಳೆದು ಕೊಟ್ಟಳು. ಮಜ್ಜಿಗೆ ಇಸಿದುಕೊಳ್ಳಲು ತಂಬಿಗೆ ಹಿಡಿದು ಹಿತ್ತಲ ಬಾಗಿಲಲ್ಲಿ ನಿಲ್ಲುತ್ತಿದ್ದ ಹುಡುಗಿ ಇದು. ಅದಕ್ಕೆ ಒಮ್ಮೆಯಾದರೂ ಕುಂದ್ರು ಅಂದಿದ್ದೆನೇ ಎಂದು ನೆನಪಿಸಿಕೊಳ್ಳುತ್ತಲೇ ಜಗದೇವಿ ಕುರ್ಚಿಯ ತುದಿಯಲ್ಲಿ ಕುಳಿತಳು. ರಾಧಿಕಾ ಎಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಇದು ಹಿಟ್ಟು ತಿಗಣಿರಿ ಆಯಿ. ಗೊಬ್ಬರದಾಗಿಂದ ಬರಂಗಿಲ್ಲ." ಕೇಳದೇ ಇದ್ದದ್ದಕ್ಕೆ ಉತ್ತರ ಮೊದಲು ಬಂತು. "ಒಂದೆರಡು ಎಲ್ಲಾ ಕಡಿ ಇರ್ತಾವ, ಜುಟ್ಟಿನ ಜೋಡಿನೂ ಬರ್ತಾವ, ಏನೂ ಆಗಂಗಿಲ್ಲ. ಇರುವಿ ಹೆಚ್ಚಾದ್ರ ಮಾತ್ರ ಕಷ್ಟ. ಅವು ಇವಕ್ಕ ಕಾವಲು ಕುಂದರ್ತಾವ, ಹೊತಗೊಂಡು ಗಿಡದಿಂದ ಗಿಡಕ್ಕ ಒಯ್ತಾವ. ಮೊದಲ ಇರುವಿ ಗೂಡು ತೆಗಿರಿ, ಕುದಿನೀರು ಹಾಕಿದ್ರ ಸಾಕು. ಆಮ್ಯಾಗ ಸೋಪಿನ ನೀರಿಗಿ ಬೇವಿನೆಣ್ಣಿ ಕಲಸಿ ಒರಸ್ರಿ." ಚೀಟಿಯ ಮೇಲೆ ಬರೆಯುತ್ತಾ, ತಲೆ ಎತ್ತದೆ, "ಅಲ್ಲಿ ಸಕ್ಕರಿ, ಬೆಲ್ಲ, ಉಣ್ಣೂದು ಏನರ ಹಾಕ್ತೀರೇನ್ರಿ?" ಅಂದಳು.

"ಇಲ್ಲವ್ವ."

ರಾಧಿಕಾ ಆಗ ತಲೆ ಎತ್ತಿ ಒಂದು ಗಳಿಗೆ ನೋಡಿದಳು. ಜಗದೇವಿ ಶನಿವಾರಕ್ಕೊಮ್ಮೆ ಇರುವೆಗೆ ಹಾಕುವುದು ರಾವೂರಿನಲ್ಲಿ ಯಾರಿಗೆ ಗೊತ್ತಿಲ್ಲ? "ಹಾಕಬ್ಯಾಡ್ರಿ ಮತ್ತ" ಎಂದು ಚೀಟಿ ಮಡಚಿ ಕೊಟ್ಟಳು. ಬಸ್ಸಿನಲ್ಲಿ ವಾಪಸು ಬರುವಾಗ ಜಗದೇವಿ ಒಂದೇ ಮಾತನ್ನು ಹಿಡಿದುಕೊಂಡು ಕುಳಿತಳು: ಜುಟ್ಟಿನ ಜೋಡಿನೂ ಬರ್ತಾವ. ಜುಟ್ಟು ತಂದವಳೂ ಲಾಲಮ್ಮನೇ ಅಲ್ಲವೇ. ಹಾಗಾದರೆ ನಾನು ಅಂದದ್ದು ಪೂರಾ ಸುಳ್ಳಲ್ಲ. ಕಲ್ಲಿನ ಲಾರಿಗಳ ಹಿಂದೆ ಬಸ್ಸು ತೆವಳುತ್ತಿದ್ದಷ್ಟು ಹೊತ್ತೂ ಆ ಮಾತು ಕೈಯಲ್ಲಿ ಬೆಚ್ಚಗೆ ಇತ್ತು. ರಾವೂರಿನಲ್ಲಿ ಇಳಿದು ನಾಲ್ಕು ಹೆಜ್ಜೆ ಇಟ್ಟಾಗ ಅದು ಸತ್ತಿತು. ಎರಡೂವರೆ ವರ್ಷ ಗಿಡ ಕನ್ನಡಿಯ ಹಾಗೆ ಇತ್ತು. ಹೋದ ಮಳೆಗಾಲದಲ್ಲಿ ಅವಳೇ, ಬಗ್ಗಲು ಸೊಂಟ ನೋಯುತ್ತದೆಂದು, ಹಿಟ್ಟು ಹಾಕುವ ಜಾಗವನ್ನು ಬೇವಿನ ಬುಡದಿಂದ ನಿಂತೇ ಉದುರಿಸಲು ಬರುವಂತೆ ಚೀಲಗಳ ಪಕ್ಕದ ಫರಸಿಕಲ್ಲಿಗೆ ಬದಲಿಸಿದ್ದಳು.

"ಇನ್ನಾ ಹಾಕಿಲ್ಲೇನ?" ಹಿಂದಿನಿಂದ ಗಂಡನ ದನಿ. ಪೀರಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಖಣಿಯಲ್ಲಿ ಮೂವತ್ತು ವರ್ಷ ಕಲ್ಲು ಒಡೆದ ಎದೆ. ಒಂದು ವಾಕ್ಯಕ್ಕೆ ಎರಡು ಕಡೆ ನಿಲ್ಲಬೇಕು. ಒಂಬತ್ತು ವರ್ಷದ ಹಿಂದೆ ಡಾಕ್ಟರು ಕೈ ಚೆಲ್ಲಿದಾಗ ದಂಡೋತಿಯಲ್ಲಿ ಒಬ್ಬ ಮುದುಕ ಅಯ್ಯನವರು, ಬಾಯಿಲ್ಲದ ಜೀವಕ್ಕ ಹಾಕು ತಾಯಿ, ನಿನ್ನ ಕೈಲೆ ಒಂದ ಇರುವಿನೂ ಸಾಯಬಾರದು, ಗಂಡನ ಉಸಿರು ಅದರ ಮ್ಯಾಲ ನಿಂತದ ಅಂದಿದ್ದರು. ಉಳಿಯಿತು ಉಸಿರು. ಹೇಗೆ ಉಳಿಯಿತೋ, ಯಾರಿಂದ ಉಳಿಯಿತೋ.

"ಇರುವಿನೇ ಹುಳಾ ಹೊತ್ತ ತಂದಾವ" ಅಂದಳು ಜಗದೇವಿ, ತಿರುಗದೆ. ಎರಡು ದಿನದಿಂದ ಅವನಿಗೂ ಹೇಳಿರಲಿಲ್ಲ.

"ನಾ ಎಂದೋ ನೋಡೀನಿ. ಹಾಸಿಗಿ ಮ್ಯಾಲ ಕುಂತಾಂವಗ ಕೆಲಸೇನದ. ಕಿಡಕ್ಯಾಗಿಂದ ಅವನ್ನೇ ನೋಡ್ತೀನಿ. ನನ್ನಕಿಂತ ದಪ್ಪ ಆಗ್ಯಾವ."

"ನೋಡಿ ಸುಮ್ಮ ಕುಂತ್ರಿ? ನಾ ಆಕಿ ಮಾರಿ ಮ್ಯಾಲ ಅಂದು ಬಂದೀನಿ, ಊರ ಮುಂದ ಅಂದು ಬಂದೀನಿ, ನೀವು ಬಾಯಿ ಮುಚಗೊಂಡು ಕುಂತ್ರಿ?"

"ನನ್ನ ಸಲುವಾಗಿ ಹಾಕ್ತಿದ್ದಿ. ನಾ ಹ್ಯಾಂಗ ಬ್ಯಾಡನ್ಲಿ." ಕೆಮ್ಮಿದ. ಕೆಮ್ಮು ಮುಗಿದ ಮೇಲೆ, ಒಂದು ಸಣ್ಣ ನಗು ಸೇರಿಸಿ, "ಹಾಕು ಕುದಿನೀರು. ಸತ್ರ ನೋಡಮು" ಅಂದ. ಆ ನಗು ಅವಳ ಮೈ ಉರಿಸಿತು. ಇವನಿಗೆ ಹೇಳುವುದು ಸುಲಭ. ಸಾಯುವವನಿಗೆ ಏನು, ಕೊಂದವಳು ಎಂದು ಉಳಿಯುವವಳು ನಾನು. ಮುಷ್ಟಿಯ ಹಿಟ್ಟನ್ನು ಸೆರಗಿನ ತುದಿಗೆ ಕಟ್ಟಿ, ಚಪ್ಪಲಿ ಮೆಟ್ಟಿ ಹೊರಟಳು.

ದಾರಿಯಲ್ಲಿ ಹೇಳಬೇಕಾದದ್ದನ್ನು ಸರಿಯಾಗಿ ಜೋಡಿಸಿಕೊಂಡಿದ್ದಳು: ನನ್ನದು ತಪ್ಪಾಯಿತು ಲಾಲಮ್ಮ, ಹುಳಾ ನಿನ್ನ ಗೊಬ್ಬರದ್ದಲ್ಲ. ಎರಡೇ ಮಾತು. ಲಾಲಮ್ಮನ ಅಂಗಳದಲ್ಲಿ ಆಡುಗಳು ತೊಗರಿ ಹೊಟ್ಟು ಮೇಯುತ್ತಿದ್ದವು. ನೀಲಿ ಬಣ್ಣ ಬಳಿದ ಗೋಡೆಗೆ ಬುದ್ಧನ ಪಟ, ಅದರ ಮುಂದೆ ಮುಂಜಾನೆಯ ಊದುಬತ್ತಿಯ ಬೂದಿ. ಅಂಗಳದ ಮೂಲೆಯ ತಿಪ್ಪೆ ಏರಿ ಏರಿ ಗೋಡೆಯ ಎತ್ತರಕ್ಕೆ ಬಂದಿತ್ತು. ಯಾರೂ ಒಯ್ಯದ ಗೊಬ್ಬರ. ಲಾಲಮ್ಮ ಆಡಿನ ಮರಿಯ ಕಾಲು ಹಿಡಿದು ಗೊರಸು ನೋಡುತ್ತಿದ್ದಳು. ಬರ್ರಿ ಅನ್ನಲಿಲ್ಲ, ಕುಂದ್ರಿ ಅನ್ನಲಿಲ್ಲ. ಜಗದೇವಿ ಬಾಯಿ ತೆರೆದಳು, ಬಾಯಿಂದ ಬಂದದ್ದು ಬೇರೆಯೇ.

"ಲಾಲಮ್ಮ, ಒಂದ ಕೆಲಸ ಇತ್ತು. ಇರುವಿ ಗೂಡಿಗಿ ಕುದಿನೀರು ಹಾಕಬೇಕಾಗ್ಯಾದ. ನನ್ನ ಕೈಲೆ ಆಗಂಗಿಲ್ಲ. ನನಗ ನೇಮ ಅದ ಅಲಾ, ನಿನಗ ಗೊತ್ತೇ ಅದ."

ಲಾಲಮ್ಮ ಮರಿಯ ಕಾಲು ಬಿಟ್ಟಳು. ಮೊದಲು ನಕ್ಕಳು. "ಗೊಬ್ಬರಕ್ಕ ಬ್ಯಾಡಾದಾಕಿ ಇದಕ್ಕ ಬೇಕಾದೆನೇನ್ರಿ?"

"ಹಂಗಲ್ಲ..."

"ಹ್ಯಾಂಗ ಮತ್ತ? ನಿಮಗ ಪಾಪ ಹತ್ತತದ, ನಮಗ ಹತ್ತಂಗಿಲ್ಲೇನ್ರಿ? ದಿನಾ ಮುಂಜಾನಿ ಆ ಪಟದ ಮುಂದ ನಿಂತು ನಾ ಏನಂತೀನಿ ಗೊತ್ತೇನ್ರಿ ನಿಮಗ? ಮೊದಲನೇ ಮಾತೇ, ಜೀವಾ ಕೊಲ್ಲಂಗಿಲ್ಲ ಅಂತ. ಎರಡು ವರ್ಷ ಗ್ವಾಡಿ ಮ್ಯಾಲ ಕೈ ಇಟ್ಟು ಮಾತಾಡಿರಿ, ಒಂದಿನ ಕೇಳಿಲ್ಲ ನೀವು, ಲಾಲಮ್ಮ ನಿಮ್ಮ ದೇವರೇನು, ನಿಮ್ಮ ನೇಮೇನು ಅಂತ." ಎದ್ದು ನಿಂತಳು. "ರಾಧಿಕಾ ಗುರುವಾರನೇ ಫೋನ್ ಮಾಡಿ ಹೇಳ್ಯಾಳ. ಎರಡು ದಿನ ಆಯ್ತು ಹಾದಿ ನೋಡಾಕತ್ತೀನಿ. ಬರ್ತಾರ, ಒಂದ ಮಾತು ಅಂತಾರ, ಬಿಡಮು ಅನ್ಕೊಂಡಿದ್ದೆ. ನೀವು ಬಂದ್ರಿ, ಕೊಲ್ಲಾಕ ಕರದ್ರಿ. ಹೋಗ್ರಿ ಜಗದೇವಮ್ಮ. ನಿಮ್ಮ ಇರುವಿ, ನಿಮ್ಮ ಕೈ."

ಹೊರಗೆ ಬಂದಾಗ ಜಗದೇವಿಯ ಕಿವಿ ಕಾದಿತ್ತು. ಇಷ್ಟು ಮಾತಾಡುವವಳು ಆವತ್ತು ನಳದ ಮುಂದೆ ಯಾಕೆ ಸುಮ್ಮನಿದ್ದಳು? ಸುಮ್ಮನಿದ್ದೇ ನನ್ನನ್ನು ಇಷ್ಟು ಕೆಳಗಿಳಿಸಿದಳಲ್ಲ. ಹೆಜ್ಜೆಗೊಂದು ಬೈಗಳ ಹುಡುಕಿದಳು. ಒಂದೂ ಲಾಲಮ್ಮನ ಮೇಲೆ ನಿಲ್ಲಲಿಲ್ಲ, ಎಲ್ಲ ಜಾರಿ ತನ್ನ ಕಾಲಿಗೇ ಬಿದ್ದವು. ಅವಳು ಹೋಗಿದ್ದು ತಪ್ಪು ಒಪ್ಪಿಕೊಳ್ಳಲಿಕ್ಕಲ್ಲ; ಹೊರಡುವಾಗಲೇ, ಚಪ್ಪಲಿ ಮೆಟ್ಟುವಾಗಲೇ, ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಎರಡು ಒಳ್ಳೆಯ ಮಾತು ಜೋಡಿಸಿಕೊಂಡು ನಡೆದಿದ್ದಳು, ಹರಕು ಸೀರೆಯ ಮೇಲೆ ಶಾಲು ಹೊದ್ದ ಹಾಗೆ. ಕೊಲ್ಲುವ ಕೆಲಸ ಎಂದಾಗ ಆ ಓಣಿ ನೆನಪಾಗಿತ್ತು. ತವರಿನಲ್ಲಿ ಸತ್ತ ದನ ಎಳೆಯಲು ಅಪ್ಪ ಅಂಥದೇ ಓಣಿಗೆ ಹೇಳಿ ಕಳಿಸುತ್ತಿದ್ದ. ಅಪ್ಪನ ಬಾಯಿ ಅವಳ ಬಾಯೊಳಗೆ ಕುಳಿತು ಮಾತಾಡಿ ಬಂದಿತ್ತು.

ಮನೆಗೆ ಬಂದವಳೇ ದೊಡ್ಡ ಹಂಡೆಯಲ್ಲಿ ನೀರಿಟ್ಟು ಒಲೆ ಉರಿಸಿದಳು. ನೀರು ಕಾಯುವವರೆಗೆ ಚೀಲಗಳನ್ನು ಒಂದೊಂದಾಗಿ ತಬ್ಬಿ ಗೋಡೆಯಿಂದ ದೂರ ಎಳೆದಳು, ಎಲೆಯ ಗರಗಸ ಮುಂಗೈ ಗೀರಿದ್ದು ಗೊತ್ತಾಗಲಿಲ್ಲ. ಆಮೇಲೆ ಹಾರೆ ಹಾಕಿ ಆ ಫರಸಿಯನ್ನು ಮೀಟಿದಳು. ಕೆಳಗೆ ಒಂದು ಊರೇ ಇತ್ತು. ಓಣಿ, ಅಡ್ಡ ಓಣಿ, ಮೂಲೆಯಲ್ಲಿ ಒಟ್ಟಿದ ಹಿಟ್ಟಿನ ಕಾಳು, ಸಕ್ಕರೆಯ ಹರಳು ಕೂಡ, ಮತ್ತು ಬೇರಿನ ಎಳೆಗಳ ಮೇಲೆ, ಇರುವೆಯ ಮೊಟ್ಟೆಗಳ ಪಕ್ಕದಲ್ಲೇ, ಜೋಪಾನವಾಗಿ ಇಟ್ಟ ಬಿಳಿ ಹುಳಗಳು. ಬೆಳಕು ಬಿದ್ದ ಕೂಡಲೇ ಇರುವೆಗಳು ಓಡಿದವು. ತಮ್ಮ ಮೊಟ್ಟೆಯನ್ನೂ ಆ ಹುಳವನ್ನೂ ಭೇದವಿಲ್ಲದೆ ಎತ್ತಿಕೊಂಡು ಓಡಿದವು. ಜಗದೇವಿ ಕುದಿಯುವ ಹಂಡೆ ಎತ್ತಿ ತಂದು ಗೂಡಿನ ಮೇಲೆ ಹಿಡಿದಳು. ಹಂಡೆಯ ಆವಿ ಮುಖಕ್ಕೆ ಹೊಡೆಯುತ್ತಿತ್ತು. ಒಂಬತ್ತು ವರ್ಷದ ಶನಿವಾರಗಳು ಅವಳ ಮೊಣಕೈ ಹಿಡಿದವು. ಒಳಗೆ ಪೀರಪ್ಪ ಉಸಿರು ಎಳೆದದ್ದು ಕೇಳಿಸಿತು, ಬಿಟ್ಟದ್ದು ಕೇಳಿಸಲಿಲ್ಲ, ಆಮೇಲೆ ಬಿಟ್ಟದ್ದೂ ಕೇಳಿಸಿತು. ಸುರಿದಳು.

"ಅಯ್ಯ ಶಿವನೇ, ಶನಿವಾರ ದಿನಾ ಏನ ಮಾಡಾಕತ್ತಿ ಅಕ್ಕಾ!" ಗೋಡೆಯ ಮೇಲೆ ಬಸವೇಶ್ವರಿಯ ತಲೆ ಎದ್ದಿತ್ತು.

ಮೆಲ್ಲಗೆ ಹೇಳಬೇಕೆಂದುಕೊಂಡಳು ಜಗದೇವಿ. ಆದರೆ ದನಿ ಕುದಿನೀರಿನಂತೆಯೇ ಬಂತು, ಓಣಿಗೆಲ್ಲ ಕೇಳುವಂತೆ: "ಲಾಲಮ್ಮನ ಗೊಬ್ಬರದಾಗ ಹುಳಾ ಇದ್ದಿಲ್ಲ! ಹುಳಾ ಸಾಕಿದಾಕಿ ನಾನು! ಇಲ್ಲಿ, ನನ್ನ ಹಿಟ್ಟು ಹಾಕಿ, ನನ್ನ ಸಕ್ಕರಿ ಹಾಕಿ ಸಾಕೀನಿ! ಸುಳ್ಳ ಅಂದೀನಿ ನಳದ ಮುಂದ!"

ಬಸವೇಶ್ವರಿಯ ಮುಖ ಮೆತ್ತಗಾಯಿತು. "ಹೋಗ್ಲಿ ಬಿಡು ಅಕ್ಕಾ. ದೊಡ್ಡ ಮನಸ್ಸು ನಿಂದು, ಆಕಿ ತಪ್ಪು ನಿನ್ನ ಮ್ಯಾಲ ಹಾಕ್ಕೊಂಡಿ. ಆಕಿಗಿ ತಿಳೀಬೇಕಲ್ಲ ಅದು. ನೀ ಹೆದರಬ್ಯಾಡ, ನಾವ್ಯಾರೂ ಆಕಿ ಗೊಬ್ಬರ ಮುಟ್ಟಂಗಿಲ್ಲ."

"ತಪ್ಪು ನಂದು ಅನ್ನಾಕತ್ತೀನಿ, ಕಿವಿ ಇಲ್ಲೇನ ನಿನಗ?"

"ಕೇಳ್ತಲಾ. ಅದಕ್ಕೇ ಅಂದೆ, ದೊಡ್ಡಾಕಿ ನೀನು ಅಂತ."

ಖಾಲಿ ಹಂಡೆ ಹಿಡಿದು ಜಗದೇವಿ ನಿಂತೇಬಿಟ್ಟಳು. ಆವತ್ತು ನಳದಲ್ಲಿ ಒಂದೇ ಮಾತು ಆಡಿದ್ದಳು, ಎಲ್ಲರೂ ನಂಬಿದ್ದರು. ಈಗ ಎಷ್ಟು ಕೂಗಿದರೂ ಮಾತು ಅವಳದ್ದೇ ಕೊರಳಿಗೆ ಹಾರವಾಗಿ ಬಂದು ಬೀಳುತ್ತಿತ್ತು, ಲಾಲಮ್ಮ ಓಣಿಯ ಕಣ್ಣಿಗೆ ಹೊಲಸಿನವಳಾಗಿಯೇ ಉಳಿದಿದ್ದಳು. ಊರಲ್ಲಿ ಒಂದು ಬಾಯಿಯ ತೂಕ ಎಷ್ಟೆಂದು ಅವಳಿಗೆ ಮೊದಲ ಸಲ ತಿಳಿಯಿತು, ತಿಳಿದು ಹೇಸಿಗೆಯಾಯಿತು. ಹಂಡೆಯನ್ನು ಅಲ್ಲೇ ಎಸೆದಳು. ಅಟ್ಟದ ಮೇಲಿನಿಂದ ದೊಡ್ಡ ಬುಟ್ಟಿ ಇಳಿಸಿದಳು.

ಲಾಲಮ್ಮನ ಅಂಗಳಕ್ಕೆ ಎರಡನೇ ಸಲ ಹೋದಾಗ ಏನನ್ನೂ ಜೋಡಿಸಿಕೊಂಡಿರಲಿಲ್ಲ. ತಿಪ್ಪೆಯ ಪಕ್ಕ ಕುಳಿತು ಕೈಯಿಂದಲೇ ಗೊಬ್ಬರ ಬಾಚಿ ಬುಟ್ಟಿಗೆ ತುಂಬತೊಡಗಿದಳು. ಲಾಲಮ್ಮ ಹೊಸ್ತಿಲ ಮೇಲೆ ನಿಂತು ನೋಡುತ್ತಿದ್ದಳು. ಬುಟ್ಟಿ ತುಂಬಿತು. ಎತ್ತಲು ಹೋದರೆ ಮೊಣಕಾಲಿನ ಮೇಲೆ ಬರಲಿಲ್ಲ. ತುಂಬಿದ ಬುಟ್ಟಿ ತಲೆಗೇರಬೇಕಾದರೆ ಎದುರಿಗೊಬ್ಬರು ಕೈ ಹಚ್ಚಬೇಕು. ಲಾಲಮ್ಮ ಹೊಸ್ತಿಲು ಬಿಟ್ಟು ಇಳಿಯಲಿಲ್ಲ. ಕೈ ಹಚ್ಚು ಎಂದು ಕೇಳುವ ಬಾಯಿಯನ್ನು ಜಗದೇವಿ ಮುಂಜಾನೆಯೇ ಕಳೆದುಕೊಂಡಿದ್ದಳು. ಬಾಚಿ ಬಾಚಿ ಅರ್ಧ ಗೊಬ್ಬರವನ್ನು ತಿಪ್ಪೆಗೆ ಮರಳಿ ಸುರಿದಳು.

"ತುಂಬ ಒಯ್ಯಿರಿ" ಅಂದಳು ಲಾಲಮ್ಮ. "ಅರ್ಧಾ ಬುಟ್ಟಿ ಯಾರಿಗಿ ಕಾಣ್ತದ."

ಜಗದೇವಿ ತಲೆ ಎತ್ತಿ ನೋಡಿದಳು. ಆ ಮುಖದಲ್ಲಿ ಕ್ಷಮೆ ಇರಲಿಲ್ಲ, ಹುಡುಕಲೂ ಹೋಗಲಿಲ್ಲ. ಮತ್ತೆ ತುಂಬಿದಳು, ಅಂಚಿನ ಮೇಲೆ ಗೋಪುರವೇಳುವವರೆಗೆ. ಬುಟ್ಟಿಯನ್ನು ಮೊದಲು ಮೊಣಕಾಲಿಗೆ, ಅಲ್ಲಿಂದ ಗೋಡೆಯ ಮೇಲಿನ ಫರಸಿಗೆ ಎಳೆದು, ಗೋಡೆಗೆ ಹಣೆ ಒತ್ತಿ, ತಲೆ ಅದರ ಕೆಳಗೆ ತೂರಿಸಿ, ಹಲ್ಲು ಕಚ್ಚಿ ಎದ್ದಳು. ಕತ್ತಿನ ನರ ಸೆಟೆದವು. ಹಿಕ್ಕಿ ಉದುರಿ ಕುತ್ತಿಗೆಯಿಂದ ಕುಪ್ಪಸದೊಳಗೆ ಇಳಿದವು. ಹಿತ್ತಲ ಹಾದಿ ಹತ್ತಿರವಿತ್ತು. ಅದನ್ನು ಬಿಟ್ಟು ನಡುಬೀದಿಗೆ ಇಳಿದಳು. ಹತ್ತರ ಬಿಸಿಲು, ಓಣಿಯ ಎಲ್ಲ ಬಾಗಿಲೂ ತೆರೆದಿದ್ದವು. ನಳದ ಹತ್ತಿರ ಬಸವೇಶ್ವರಿ ಕೊಡ ಬಿಟ್ಟು ಎದ್ದು ನಿಂತಳು.

"ಏನದು ಅಕ್ಕಾ, ಏನ ಹೊತ್ತಿ?"

"ಗೊಬ್ಬರ" ಅಂದಳು ಜಗದೇವಿ, ನಿಲ್ಲದೆ. "ಲಾಲಮ್ಮನ ಗೊಬ್ಬರ. ಬಾ, ಕೈ ಹಚ್ಚಿ ಇಳಿಸು."

ಬಸವೇಶ್ವರಿಯ ಕೈ ಸೆರಗಿನೊಳಗೆ ಹೋಯಿತು. ಜಗದೇವಿ ಮುಂದಿನ ಮನೆಯ ಬಾಗಿಲಿಗೆ ನಡೆದು, ಅಲ್ಲಿ ನಿಂತವಳಿಗೂ ಅದನ್ನೇ ಹೇಳಿದಳು.